ಹೃದಯದ ಪಯಣ: ತೆರೆಯ ಮೇಲೆ, ಹೈದರಾಬಾದಿನ ಹಳಿಯ ಮೇಲೆ

(ಉಪನ್ಯಾಸದ ಪಠ್ಯ)



2011ರ ಜನವರಿಯಲ್ಲಿ ರಾಜೇಶ್ ಪಿಳ್ಳೈ ನಿರ್ದೇಶಿಸಿದ ‘ಟ್ರಾಫಿಕ್’ ಎಂಬ ಮಲಯಾಳಂ ಚಲನಚಿತ್ರ ತೆರೆಕಂಡಿತು. ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ತರುಣನೊಬ್ಬನ ಹೃದಯವನ್ನು ಕೊಚ್ಚಿಯಿಂದ ಪಾಲಕ್ಕಾಡಿಗೆ ಕಾರಿನಲ್ಲಿ ಎರಡು ಗಂಟೆಯೊಳಗೆ ತಲುಪಿಸಬೇಕಾದ ಕಥೆ ಅದು. ಅಲ್ಲಿ ಆ ಹೃದಯಕ್ಕಾಗಿ ಕಾದಿರುವವಳು ಖ್ಯಾತ ಚಿತ್ರನಟನ ಮಗಳು. ಲಂಚ ಪಡೆದು ಅಮಾನತುಗೊಂಡಿದ್ದ ಪೇದೆಯೊಬ್ಬ ಆ ವಾಹನ ನಡೆಸಲು ಮುಂದೆ ಬರುತ್ತಾನೆ. ಚೆನ್ನೈಯಲ್ಲಿ 2008ರಲ್ಲಿ ವೈದ್ಯ ದಂಪತಿ ತಮ್ಮ ಮಗನ ಅಂಗಾಂಗಗಳನ್ನು ದಾನಮಾಡಿದ ನಿಜ ಘಟನೆ ಚಿತ್ರಕ್ಕೆ ಪ್ರೇರಣೆಯಾಗಿತ್ತು. 2014ರಲ್ಲಿ ರವಿಚಂದ್ರನ್ ಇದನ್ನೇ ‘ಕ್ರೇಜಿ ಸ್ಟಾರ್’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು.

ತೆರೆಯ ಮೇಲಿನ ಈ ಓಟ ಹೈದರಾಬಾದಿನಲ್ಲಿ ಕಣ್ಣೆದುರೇ ನಡೆಯಿತು. 2021ರ ಫೆಬ್ರುವರಿ 2ರಂದು ನಲ್ಗೊಂಡ ಜಿಲ್ಲೆಯ ರೈತರೊಬ್ಬರ ಹೃದಯವನ್ನು ನಾಗೋಲಿನಿಂದ ಜುಬಿಲಿ ಹಿಲ್ಸ್‌ಗೆ ಮೆಟ್ರೊ ರೈಲಿನಲ್ಲಿ ಸಾಗಿಸಲಾಯಿತು. ನಡುವಿನ ಯಾವ ನಿಲ್ದಾಣದಲ್ಲಿಯೂ ನಿಲ್ಲದೆ ಸುಮಾರು 21 ಕಿ.ಮೀ. ದೂರವನ್ನು ರೈಲು ಅರ್ಧ ಗಂಟೆಯೊಳಗೆ ಕ್ರಮಿಸಿತು. 2025ರ ಜನವರಿ 17ರ ರಾತ್ರಿ ಎಲ್.ಬಿ. ನಗರದಿಂದ ಲಕಡೀಕಾಪೂಲಿಗೆ ಇನ್ನೊಂದು ಹೃದಯ 13 ಕಿ.ಮೀ. ದೂರವನ್ನು 13 ನಿಮಿಷಗಳಲ್ಲಿ ದಾಟಿತು. ದೇಹದಿಂದ ಬೇರ್ಪಟ್ಟ ಹೃದಯ ಸುಮಾರು ನಾಲ್ಕು ಗಂಟೆಗಳ ಕಾಲ ಮಾತ್ರ ಕಸಿಗೆ ಯೋಗ್ಯವಾಗಿರುವುದರಿಂದ ಇಲ್ಲಿ ಒಂದೊಂದು ನಿಮಿಷವೂ ಅಮೂಲ್ಯ.

ಪ್ರೇಕ್ಷಕರು ಇಂತಹ ಚಿತ್ರದಲ್ಲಿ ವೇಗವನ್ನು ಮೆಚ್ಚುತ್ತಾರೆ, ಚಾಲಕನನ್ನು ಕೊಂಡಾಡುತ್ತಾರೆ. ಆದರೆ ಕಥೆಯ ನಿಜವಾದ ತ್ಯಾಗ ವಾಹನ ಹೊರಡುವ ಮೊದಲೇ ಮುಗಿದಿರುತ್ತದೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ತಂದೆತಾಯಿಗಳು, ಮಗನ ಎದೆ ಇನ್ನೂ ಏರಿಳಿಯುತ್ತಿರುವಾಗಲೇ, ಮುಖ ಕಾಣದ ಪರಕೀಯರಿಗಾಗಿ ಒಪ್ಪಿಗೆ ಕೊಡಬೇಕು. ಪೇದೆಗೆ ಚಪ್ಪಾಳೆ ದೊರೆಯುತ್ತದೆ. ಆ ತಾಯಿಗೆ ದೊರೆಯುವುದು ಬರಿದಾದ ಮನೆ.

ಚಿತ್ರ ಕೇಳದೆ ಬಿಟ್ಟ ಪ್ರಶ್ನೆಯೂ ಒಂದುಂಟು. ಕಾಯುತ್ತಿದ್ದವಳು ಕೂಲಿಕಾರನ ಮಗಳಾಗಿದ್ದರೆ ರಸ್ತೆಗಳು ಅಷ್ಟೇ ಬೇಗ ತೆರವಾಗುತ್ತಿದ್ದವೇ? 1994ರ ಕೇಂದ್ರ ಕಾಯಿದೆ ಅಂಗಾಂಗಗಳ ಮಾರಾಟವನ್ನು ನಿಷೇಧಿಸಿದೆ. ನಿಮ್ಸ್ ಆಸ್ಪತ್ರೆಯನ್ನು ಕೇಂದ್ರವಾಗಿಸಿಕೊಂಡ ‘ಜೀವನ್‌ದಾನ್’ ಯೋಜನೆ ನೋಂದಾಯಿತ ರೋಗಿಗಳಿಗೆ ಅಂಗಾಂಗಗಳನ್ನು ಹಂಚುತ್ತದೆ. ಆದರೂ ಶಸ್ತ್ರಚಿಕಿತ್ಸೆಯ ಮತ್ತು ಜೀವನಪರ್ಯಂತದ ಔಷಧಿಗಳ ವೆಚ್ಚ ಬಡವನ ಕೈಗೆಟುಕುವಂಥದ್ದಲ್ಲ. ರೈತನ ಮನೆ ಕೊಡುತ್ತದೆ. ರೈತನ ಮನೆಗೂ ಅದು ದೊರೆಯುವಂತಾಗಬೇಕು. ನಿಮ್ಸ್, ಒಸ್ಮಾನಿಯಾಗಳಂತಹ ಸಾರ್ವಜನಿಕ ಆಸ್ಪತ್ರೆಗಳನ್ನು ಬಲಪಡಿಸುವುದು ಸರ್ಕಾರದ ಕರ್ತವ್ಯ. ಅದನ್ನು ಒತ್ತಾಯಿಸುವುದು ದಾನಧರ್ಮವನ್ನು ಕೊಂಡಾಡುವ ಸಮಾಜದ ಕರ್ತವ್ಯ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಕೇಳದ ಜೈನ ಮನೆಯಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವುಗಳನ್ನು ಮುಂದೆ ಯಾರು ಯಾರು ಓದುವರೆಂದು ಅವಳಿಗೆ ತಿಳಿದಿರಲಿಲ್ಲ. ಪಡೆಯುವವನ ಹೆಸರು ಕೇಳದ ಆ ದಾನದ ಪರಂಪರೆಯಲ್ಲಿ ಅಂಗಾಂಗ ದಾನಕ್ಕೂ ಸ್ಥಾನವುಂಟು. ಅದರಲ್ಲಿ ಔಷಧವೂ ಇದೆ, ಅಭಯವೂ ಇದೆ.

ಕೆಲವು ಹಿರಿಯರ ಶಂಕೆ ಬೇರೆ. ಉಸಿರಾಡುತ್ತಿರುವವನ ದೇಹಕ್ಕೆ ಕತ್ತರಿ ಹಾಕುವುದು ಹಿಂಸೆಯಲ್ಲವೇ ಎಂದು ಅವರು ಕೇಳುತ್ತಾರೆ. ಇದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಆ ಉಸಿರು ಯಂತ್ರದ್ದು. ನಾಲ್ವರು ವೈದ್ಯರ ಮಂಡಲಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ನಂತರವೇ ಮಿದುಳು ಕಾಂಡದ ಮರಣ ದೃಢಪಡುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅದು ಮರಣವೇ. ದೇಹವು ಪುದ್ಗಲ, ಆತ್ಮ ಬೇರೆ ಎಂದು ಪ್ರವಚನದಲ್ಲಿ ತಲೆದೂಗುವವರಿಗೆ ಆ ಮಾತನ್ನು ಆಚರಣೆಗೆ ತರುವ ಘಳಿಗೆ ಇದು.

ಮನೆಯಲ್ಲಿಯೇ ಕೊನೆಯುಸಿರೆಳೆದವರ ಹೃದಯ ಕಸಿಗೆ ಬಾರದು, ಆದರೆ ಕಣ್ಣುಗಳು ಬಂದಾವು. ಸಾಮಾನ್ಯವಾಗಿ ಆರು ಗಂಟೆಗಳೊಳಗೆ ಅವುಗಳನ್ನು ತೆಗೆಯಬೇಕು. ಹೈದರಾಬಾದಿನಲ್ಲಿ 1987ರಲ್ಲಿ ಸ್ಥಾಪನೆಯಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೆ ಭೂಮಿ ಮತ್ತು ಧನಗಳನ್ನಿತ್ತವರು ಚಿತ್ರರಂಗದ ಹಿರಿಯರಾದ ಎಲ್.ವಿ. ಪ್ರಸಾದರ ಕುಟುಂಬದವರು. ಕತ್ತಲ ಸಭಾಂಗಣದಲ್ಲಿ ಬೆಳಕಿನ ಆಟದಿಂದ ಬಂದ ಸಂಪತ್ತು, ಬೆಳಕು ಕಾಣದವರ ಕಣ್ಣಿಗಾಗಿ ವಿನಿಯೋಗವಾಯಿತು.

ಹೊರನಾಡಿನ ಕುಟುಂಬಗಳಿಗೆ ಇದರಲ್ಲಿ ವಿಶೇಷ ತೊಡಕೊಂದಿದೆ. ಮರಣ ಸಂಭವಿಸುವುದು ಹೈದರಾಬಾದಿನಲ್ಲಿ. ಒಪ್ಪಿಗೆ ಕೊಡಬೇಕಾದ ಹಿರಿಯರು ಇರುವುದು ಬೆಳಗಾವಿಯಲ್ಲೋ ಹಾಸನದಲ್ಲೋ. ದೂರವಾಣಿಯಲ್ಲಿ ಅಳು ಮುಗಿದು ಮಾತು ಆರಂಭವಾಗುವಷ್ಟರಲ್ಲಿ ಕಾಲ ಮೀರಿರುತ್ತದೆ. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ಕೊನೆಯ ಮಾತು ಬಂಧುಗಳದ್ದೇ. ಆದ್ದರಿಂದ ಬರುವ ಪರ್ಯೂಷಣದಲ್ಲಿ, ಉತ್ತಮ ತ್ಯಾಗದ ದಿನದಂದು, ಪ್ರತಿ ಮನೆಯೂ ಮಕ್ಕಳನ್ನೂ ಹಿರಿಯರನ್ನೂ ಜೊತೆಗೆ ಕೂರಿಸಿಕೊಂಡು ಈ ವಿಷಯವನ್ನು ತೀರ್ಮಾನಿಸಲಿ. ಊರಿನಲ್ಲಿರುವ ದೊಡ್ಡವರಿಗೆ ಅಂದೇ ತಿಳಿಸಲಿ. ದುಃಖದ ಘಳಿಗೆಯಲ್ಲಿ ಹೊಸದಾಗಿ ನಿರ್ಧರಿಸುವುದು ಕಷ್ಟ. ಮೊದಲೇ ನಿರ್ಧರಿಸಿದ್ದನ್ನು ನಡೆಸಿಕೊಡುವುದು ಅಷ್ಟು ಕಷ್ಟವಲ್ಲ.

ಜೈ ಜಿನೇಂದ್ರ.