ಮೆಥಡೋನ್ ಚಟ: ಒಮ್ಮೆಲೇ ನಿಲ್ಲಿಸಬೇಡಿ

ಮೆಥಡೋನ್ ಅಫೀಮಿನ ಗುಣವುಳ್ಳ ಔಷಧ. ಕ್ಯಾನ್ಸರಿನಂಥ ಕಡುನೋವಿಗೂ ಕೊಡುತ್ತಾರೆ, ಹೆರಾಯಿನ್ ಚಟ ಬಿಡಿಸಲೂ ಕೊಡುತ್ತಾರೆ. ಕೆಲವು ವಾರ ದಿನವೂ ತೆಗೆದುಕೊಂಡರೆ ಯಾರ ದೇಹವಾದರೂ ಅದಕ್ಕೆ ಒಗ್ಗಿಹೋಗುತ್ತದೆ. ಅಷ್ಟಕ್ಕೇ ಅದನ್ನು ಚಟ ಎನ್ನಲಾಗದು. ಬರೆದುಕೊಟ್ಟದ್ದಕ್ಕಿಂತ ಹೆಚ್ಚು ನುಂಗುವುದು, ಔಷಧ ಅವಧಿಗೆ ಮೊದಲೇ ಮುಗಿಯುವುದು, ಒಬ್ಬ ವೈದ್ಯರಿಗೆ ತಿಳಿಯದಂತೆ ಇನ್ನೊಬ್ಬರಲ್ಲಿ ಚೀಟಿ ಬರೆಸುವುದು, ಕೆಲಸ ಸಂಸಾರ ಕೆಡುತ್ತಿದ್ದರೂ ಬಿಡಲಾಗದಿರುವುದು ಚಟದ ಗುರುತುಗಳು. ಅಪಾಯವೂ ಕಣ್ಣಿಗೆ ಬೀಳುವಂಥದ್ದಲ್ಲ. ನೋವು ತಗ್ಗಿಸುವ ಶಕ್ತಿ ಆರೆಂಟು ಗಂಟೆಯಲ್ಲಿ ಮುಗಿದರೂ ಔಷಧ ಒಂದು ದಿನಕ್ಕೂ ಮೀರಿ ಮೈಯಲ್ಲಿ ಉಳಿಯುತ್ತದೆ. ನೋವು ಮರಳಿತೆಂದು ಮತ್ತೆ ಮತ್ತೆ ನುಂಗಿದರೆ ಒಳಗೇ ಕೂಡುತ್ತಾ ಹೋಗಿ ನಿದ್ದೆಯಲ್ಲೇ ಉಸಿರು ಕುಗ್ಗುತ್ತದೆ. ಅಲುಗಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದ್ದರೆ, ತಕ್ಷಣ 108ಕ್ಕೆ ಕರೆ ಮಾಡಬೇಕು.

ಚಟವೆಂದು ಗೊತ್ತಾದಾಗ ಮನೆಯವರು ಮಾತ್ರೆ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕುವುದುಂಟು. ಕಾಳಜಿ ನಿಜ, ದಾರಿ ತಪ್ಪು. ನಿಲ್ಲಿಸಿದ ಒಂದೆರಡು ದಿನಕ್ಕೆ ಮೈಕೈ ನೋವು, ಭೇದಿ, ಬೆವರು, ನಿದ್ದೆಗೇಡು ಶುರುವಾಗಿ ವಾರಗಟ್ಟಲೆ ಕಾಡುತ್ತವೆ. ಆ ಹೊತ್ತಿಗೆ ದೇಹದ ತಾಳಿಕೆ ಇಳಿದಿರುತ್ತದೆ. ಸಂಕಟ ತಾಳದೆ ಹಳೆಯ ಪ್ರಮಾಣವನ್ನೇ ನುಂಗಿದರೆ ಜೀವ ಹೋಗಬಹುದು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ 1.2 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿತು: ಮೆಥಡೋನ್ ಚಿಕಿತ್ಸೆಯಲ್ಲಿದ್ದಾಗ ವರ್ಷಕ್ಕೆ ಸಾವಿರಕ್ಕೆ ಸುಮಾರು 11 ಸಾವು, ಚಿಕಿತ್ಸೆ ಬಿಟ್ಟಾಗ 36. ಹಾಗಾದರೆ ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸಿದಂತಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ವೈದ್ಯರ ಕಣ್ಣೆದುರು, ಗೊತ್ತಾದ ಪ್ರಮಾಣದಲ್ಲಿ ಔಷಧ ತೆಗೆದುಕೊಂಡು ದುಡಿದು ಮಕ್ಕಳನ್ನು ನೋಡಿಕೊಳ್ಳುವವರ ಬದುಕನ್ನು, ಮಾತ್ರೆಗಾಗಿ ಸುಳ್ಳು ಹೇಳುತ್ತಾ ಅಲೆಯುವ ಬದುಕಿನ ಜೊತೆ ಒಂದೇ ಎಂದು ತೂಗಲಾಗದು. ಬಿಡಲೇಬೇಕೆಂದರೆ ಪ್ರಮಾಣವನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಬೇಕು. ಅಥವಾ ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಬ್ಯೂಪ್ರೆನಾರ್ಫಿನ್‌ಗೆ ವೈದ್ಯರೇ ಬದಲಿಸಬೇಕು. ಕೆಲವರಿಗೆ ವರ್ಷಗಟ್ಟಲೆ ಔಷಧ ಬೇಕಾಗುತ್ತದೆ, ಅದು ಸೋಲಲ್ಲ.

ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿದಾರೆಂಬ ಭಯವನ್ನೂ ಒಪ್ಪುತ್ತೇನೆ. ಆದರೆ 1985ರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸ್ವಇಚ್ಛೆಯಿಂದ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಬೆಂಗಳೂರಿನ ವಿಜಯನಗರದ ಮಾರೇನಹಳ್ಳಿಯಂಥ ಒತ್ತೊತ್ತಾದ ಬಡಾವಣೆಯಲ್ಲಿ ಅಕ್ಕಪಕ್ಕದವರಿಗೆ ತಿಳಿದೀತೆಂಬ ಅಂಜಿಕೆ ಕಾನೂನಿನ ಭಯಕ್ಕಿಂತ ದೊಡ್ಡದಿರಬಹುದು. ಅಂಥವರು ಮನೆಯಿಂದಲೇ 14416ಕ್ಕೆ, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮಾತ್ರೆ ಕಿತ್ತುಕೊಳ್ಳುವ ಮೊದಲು ದಯವಿಟ್ಟು ಅಲ್ಲಿಗೆ ಕರೆದೊಯ್ಯಿರಿ.