ನೆರೆಮನೆಯ ನೆಂಟರಿಗಾಗಿ ಕಣ್ಣೀರು

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

1919ರಲ್ಲಿ ಪೋಲೆಂಡ್, ಜೆಕೊಸ್ಲೊವಾಕಿಯಾಗಳು ತಮ್ಮಲ್ಲಿನ ಅಲ್ಪಸಂಖ್ಯಾತರಿಗೆ ಸಮಾನ ಹಕ್ಕು ಕೊಡುವುದಾಗಿ ಬರೆದುಕೊಟ್ಟವು. ರಾಷ್ಟ್ರಸಂಘ ಜಾಮೀನು ನಿಂತಿತು. ಬರೆಸಿಕೊಂಡ ದೊಡ್ಡ ರಾಷ್ಟ್ರಗಳು ಮಾತ್ರ ತಾವು ಬರೆದುಕೊಡಲಿಲ್ಲ.

1933ರಲ್ಲಿ ಜರ್ಮನಿಯ ಅಪ್ಪರ್ ಸೈಲೀಷಿಯಾದಲ್ಲಿ ಬರ್ನ್‌ಹೈಮ್ ಎಂಬ ಅಂಗಡಿ ಗುಮಾಸ್ತ, ಯೆಹೂದ್ಯನೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡ. ರಾಷ್ಟ್ರಸಂಘಕ್ಕೆ ಅರ್ಜಿ ಹಾಕಿದ. ಆ ಪ್ರಾಂತದ ಬಗ್ಗೆ ಪೋಲೆಂಡಿನೊಡನೆ 1922ರಲ್ಲಿ ಆಗಿದ್ದ ಒಪ್ಪಂದಕ್ಕೆ ಹಿಟ್ಲರನ ಸರ್ಕಾರವೂ ಬಗ್ಗಬೇಕಾಯಿತು. 1937ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ರಕ್ಷಣೆಯೂ ಮುಗಿಯಿತು.

ಅದೇ ಹಿಟ್ಲರ್ 1938ರಲ್ಲಿ ಜೆಕೊಸ್ಲೊವಾಕಿಯಾದ ಜರ್ಮನರಿಗಾಗಿ ಕಣ್ಣೀರಿಟ್ಟ. ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್‌ಗಳು ಅವರಿದ್ದ ಪ್ರದೇಶವನ್ನು ಅವನಿಗೆ ಒಪ್ಪಿಸಿದವು. ಆರು ತಿಂಗಳೊಳಗೆ ಪ್ರಾಗ್ ನಗರವೂ ಅವನ ಕೈಸೇರಿತು.

ಬಂಧುಗಳೇ, ನೆರೆಮನೆಯ ನೆಂಟರಿಗಾಗಿ ಅಳುವವನನ್ನು ಮೊದಲು ಕೇಳಿ: ನಿನ್ನ ಮನೆಯ ಗುಮಾಸ್ತನ ಅನ್ನ ಕಿತ್ತವರು ಯಾರು?