ಪಾತ್ರೆ ತೊಳೆಯುತ್ತ ಕೇಳಿದ ಯಮನ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಹಾಡುಗಾರನಲ್ಲ, ಲೆಕ್ಕ ಬರೆದು ನಿವೃತ್ತನಾದವನು. ಮನೆಯಾಕೆ ತೀರಿಕೊಂಡ ಮೇಲೆ ಸಂಜೆ ಕಳೆಯುವುದೇ ಕಷ್ಟವಾಗಿತ್ತು. ಮಗಳು ಮೊಬೈಲಿನಲ್ಲಿ ಶಾಸ್ತ್ರೀಯ ಸಂಗೀತ ಹಾಕಿಕೊಟ್ಟಳು. ಮೊದಮೊದಲು ಎಲ್ಲವೂ ಒಂದೇ ಥರ ಕೇಳಿಸಿತು. ಆಮೇಲೆ ಒಂದು ಉಪಾಯ ಮಾಡಿದೆ. ತಿಂಗಳಿಡೀ ಸಂಜೆಯ ಯಮನ್ ರಾಗ ಒಂದನ್ನೇ ಕೇಳುವುದು. ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಕೈ ಕಟ್ಟಿ ಕೂತು ಅಲ್ಲ, ಅನ್ನಕ್ಕಿಡುತ್ತ, ಪಾತ್ರೆ ತೊಳೆಯುತ್ತ. ಒಂದು ದಿನ ಪಕ್ಕದ ಮನೆಯಿಂದ ಹಳೆಯ ಸಿನಿಮಾ ಹಾಡು ಕೇಳಿಬಂತು. ಅರೆ, ಇದು ನಮ್ಮ ಯಮನ್ ಅಲ್ಲವೆ! ಗುಂಪಿನಲ್ಲಿ ಪರಿಚಯದ ಮುಖ ಕಂಡಷ್ಟು ಸಂತೋಷವಾಯಿತು. ಆಕೆ ಇದ್ದಿದ್ದರೆ ಕರೆದು ಹೇಳುತ್ತಿದ್ದೆ.

ಇದು ಪಟ್ಟಣದವರ ಸಂಗೀತ, ನಮಗಲ್ಲ ಎನ್ನುವವರಿದ್ದಾರೆ. ಮಲ್ಲಿಕಾರ್ಜುನ ಮನ್ಸೂರರು 1910ರಲ್ಲಿ ಹುಟ್ಟಿದ್ದು ಧಾರವಾಡದ ಪಕ್ಕದ ಮನ್ಸೂರಿನಲ್ಲಿ, ಒಕ್ಕಲುತನದ ಮನೆಯಲ್ಲಿ. ಚಿಕ್ಕಂದಿನಲ್ಲೇ ನಾಟಕ ಕಂಪನಿಯಲ್ಲಿ ಹಾಡಿದವರು. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಎರಡೂ ನಮ್ಮೂರಿನಂಥ ಊರುಗಳೇ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಬೆಳಿಗ್ಗೆ ಮಕ್ಕಳು ಬಂದು ಸೇರುವ ಹೊತ್ತಿನಲ್ಲಿ ಮೈಕಿನಲ್ಲಿ ಹತ್ತು ನಿಮಿಷ ತೋಡಿಯನ್ನೋ ಭೈರವವನ್ನೋ ಹಾಕಿಸಿ. ತಿಂಗಳಿಗೆ ಒಂದೇ ರಾಗ ಸಾಕು. ಮಕ್ಕಳು ಮಾತಾಡಿಕೊಂಡಿರಲಿ, ಓಡಾಡಲಿ, ಕಿವಿಗೆ ಬಿದ್ದರಾಯಿತು. ದಯವಿಟ್ಟು ಅದರ ಮೇಲೆ ಪರೀಕ್ಷೆ ಮಾತ್ರ ಇಡಬೇಡಿ. ಪೆನ್ ಡ್ರೈವ್ ತುಂಬಿಸಿಯೇ ತಂದಿದ್ದೇನೆ, ಸಭೆ ಮುಗಿದ ಕೂಡಲೇ ಕೊಡುತ್ತೇನೆ.